ಹೊಸ ಶಿಕ್ಷಕರಿಗೆ ತರಗತಿಯಲ್ಲಿ ಎಷ್ಟು ಸ್ವಾತಂತ್ರ್ಯ? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೊಸದಾಗಿ ಸೇರಿದವರು, ಅವರ ಜೊತೆ ಕೆಲಸ ಮಾಡುವ ಮುಖ್ಯ ಶಿಕ್ಷಕರು ಮತ್ತು ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ ಭೇಟಿ ಕೊಟ್ಟು ನೆರವಾಗುವವರು) ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಪ್ರೌಢಶಾಲೆ ಮತ್ತು ಖಾಸಗಿ ಶಾಲೆಗೆ ಸಂಬಂಧಿಸಿದ ಮಾತು ಕೊನೆಯ ಕಡೆಗೆ ಬರುತ್ತದೆ.

ವೃತ್ತಿ ಸ್ವಾತಂತ್ರ್ಯ ಅಂದರೆ ಇಷ್ಟ ಬಂದಂತೆ ಪಾಠ ಮಾಡುವುದೇ?

ಅಲ್ಲ. ಏನು ಕಲಿಸಬೇಕು ಎಂಬುದನ್ನು ರಾಜ್ಯ ನಿಗದಿ ಮಾಡುತ್ತದೆ. ಪಠ್ಯಪುಸ್ತಕವೂ ಅಲ್ಲಿಂದಲೇ ಬರುತ್ತದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಒಮ್ಮೆ ಓದಿ ನೋಡಿ. ನಿಗದಿತ ಅವಧಿಯಲ್ಲಿ ಪಠ್ಯಕ್ರಮ ಪೂರ್ತಿ ಮುಗಿಸಬೇಕು ಎನ್ನುತ್ತದೆ. ಅದರ ಬೆನ್ನಲ್ಲೇ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು ಬೇಕಾದವರಿಗೆ ಹೆಚ್ಚುವರಿ ಬೋಧನೆ ಕೊಡಬೇಕು ಎಂದೂ ಹೇಳುತ್ತದೆ. ಹಿಂದುಳಿದ ಮಕ್ಕಳಿಗಾಗಿ ನಿಂತರೆ ಪಾಠ ಹಿಂದೆ ಬೀಳುತ್ತದೆ, ಪಾಠದ ಹಿಂದೆ ಓಡಿದರೆ ಮಕ್ಕಳು ಹಿಂದೆ ಬೀಳುತ್ತಾರೆ. ಯಾವ ದಿನ ಯಾವುದಕ್ಕೆ ಎಷ್ಟು ಎಂದು ತೂಗುವ ಕೆಲಸವನ್ನು ಬೆಂಗಳೂರಿನಲ್ಲಿ ಕೂತು ಯಾರೂ ಮಾಡಲಾರರು, ಅದು ತರಗತಿಯಲ್ಲಿ ನಿಂತವರದ್ದು. ವೃತ್ತಿ ಸ್ವಾತಂತ್ರ್ಯ ಎಂದು ನಾವು ಇಲ್ಲಿ ಹೇಳುವುದು ಆ ತೀರ್ಮಾನ ತೆಗೆದುಕೊಳ್ಳುವ ಅವಕಾಶಕ್ಕೆ, ಜೊತೆಗೆ ಅದಕ್ಕೆ ಉತ್ತರ ಕೊಡುವ ಹೊಣೆಗೆ.

ನೀತಿಯಲ್ಲಿ ಇಷ್ಟೆಲ್ಲ ಬರೆದಿದ್ದಾರೆ, ಶಾಲೆಯಲ್ಲಿ ಮಾತ್ರ ಎಲ್ಲದಕ್ಕೂ "ಹಾಗೆ ಮಾಡೋ ಹಾಗಿಲ್ಲ" ಅಂತಾರಲ್ಲ?

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಿಕ್ಷಕರ ಸ್ವಾಯತ್ತತೆಯ ಬಗ್ಗೆ ಮಾತಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬೋಧನಾ ವಿಧಾನ ಆರಿಸಿಕೊಳ್ಳಲು ಹೆಚ್ಚಿನ ಅವಕಾಶ ಇರಬೇಕು ಎನ್ನುತ್ತದೆ. ಶಾಲೆಯ ಸ್ಟಾಫ್ ರೂಮಿಗೆ ಇವೆರಡೂ ತಲುಪುವುದು ಅಪರೂಪ. ಅಲ್ಲಿಗೆ ತಲುಪುವುದು ಸುತ್ತೋಲೆ, ಸುತ್ತೋಲೆಗಿಂತ ಮೊದಲು ವಾಟ್ಸ್ಆ್ಯಪ್ ಸಂದೇಶ.

ಶಾಲೆಯಲ್ಲಿ "ರೂಲ್ಸ್" ಎಂದು ಓಡಾಡುವುದರಲ್ಲಿ ಆದೇಶ ಸ್ವಲ್ಪ, ವಾಡಿಕೆ ಬಹಳ. ಪಾಠ ಟಿಪ್ಪಣಿಯನ್ನು ಇಂಥದ್ದೇ ಬಣ್ಣದ ಪೆನ್ನಿನಲ್ಲಿ ಗೆರೆ ಹಾಕಿ ಬರೆಯಬೇಕು, ಮಕ್ಕಳು ಸಾಲಾಗಿಯೇ ಕೂರಬೇಕು, ಪ್ರತಿ ಪಾಠದ ಪ್ರಶ್ನೋತ್ತರವನ್ನು ಬೋರ್ಡಿನಿಂದ ನಕಲು ಮಾಡಿಸಬೇಕು: ಇಂಥವು ಸಾಮಾನ್ಯವಾಗಿ ಹಿಂದಿನ ಯಾರೋ ಮುಖ್ಯ ಶಿಕ್ಷಕರ ಕಾಲದಲ್ಲಿ ಶುರುವಾಗಿ ಹಾಗೇ ಉಳಿದವು. ಹಾಗಾಗಿ ಸೇರಿದ ಮೊದಲ ತಿಂಗಳಲ್ಲೇ ಶಾಲೆಯ ಸುತ್ತೋಲೆ ಕಡತವನ್ನು ಕೂತು ಓದಿ. ಒಂದು ಮಧ್ಯಾಹ್ನ ಸಾಕು. "ಸರ್, ಇದರ ಸುತ್ತೋಲೆ ಇದ್ದರೆ ಕೊಡ್ತೀರಾ, ಅದರಲ್ಲಿರೋ ಹಾಗೇ ಮಾಡ್ತೀನಿ" ಎಂದು ವಿನಯವಾಗಿ ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ, ಆದೇಶ ಯಾವುದು ವಾಡಿಕೆ ಯಾವುದು ಎಂಬುದೂ ತಿಳಿಯುತ್ತದೆ. ವಾಡಿಕೆ ಎಂದು ಗೊತ್ತಾದ ಮಾತ್ರಕ್ಕೆ ಅದನ್ನು ಮುರಿಯಬೇಕಿಲ್ಲ. ಕೆಲವು ವಾಡಿಕೆಗಳು ಒಳ್ಳೆಯವೇ.

ಒಂದೇ ತಾಲ್ಲೂಕು, ಒಂದೇ ಆದೇಶ. ಆದರೂ ಜೊತೆಗೆ ಸೇರಿದ ಗೆಳತಿಯ ಶಾಲೆಯಲ್ಲಿ ಇರುವ ಮುಕ್ತತೆ ನಮ್ಮಲ್ಲಿ ಇಲ್ಲ. ಯಾಕೆ?

ಹೆಚ್ಚಿನ ಪಾಲು ಮುಖ್ಯ ಶಿಕ್ಷಕರಿಂದ. ಅದರಲ್ಲೂ ಅವರು ಪೂರ್ಣಾವಧಿಯವರೋ ಪ್ರಭಾರವೋ (ಶಿಕ್ಷಕರಾಗಿದ್ದುಕೊಂಡೇ ಆ ಹೊಣೆ ಹೊತ್ತವರೋ) ಎಂಬುದು ನಾವಂದುಕೊಳ್ಳುವುದಕ್ಕಿಂತ ಮುಖ್ಯ. ಪ್ರಭಾರದಲ್ಲಿರುವವರು ತಮ್ಮ ತರಗತಿಗಳನ್ನೂ ನೋಡಿಕೊಂಡು, ಅಕ್ಷರ ದಾಸೋಹದ ಅಕ್ಕಿ-ಬೇಳೆ ಲೆಕ್ಕ, ಹಾಲಿನ ಪುಡಿ, ಮೊಟ್ಟೆ-ಬಾಳೆಹಣ್ಣಿನ ಖರ್ಚು ಬರೆದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಓಡಾಡಬೇಕು. ಅವರಿಗೆ ನಿಮ್ಮ ಹೊಸ ಪ್ರಯೋಗ ಎಂದರೆ ಇನ್ನೊಂದು ತಲೆನೋವಿನ ಸಾಧ್ಯತೆ. "ಬೇಡ" ಎಂದರೆ ಅದು ವಿರೋಧವಲ್ಲ, ದಣಿವು. ಅವರ ಮೇಲೆ ಕೆಲಸ ಬೀಳದ ಹಾಗೆ ಪ್ರಸ್ತಾಪ ಇಟ್ಟರೆ ಉತ್ತರ ಬದಲಾಗುವುದುಂಟು.

ಎರಡನೆಯದು ವೇಳಾಪಟ್ಟಿ. ಕಾಯ್ದೆಯ ಅನುಸೂಚಿಯಂತೆ ಶಿಕ್ಷಕರ ವಾರದ ಕೆಲಸ 45 ಗಂಟೆ, ಇದರಲ್ಲಿ ಪಾಠದ ತಯಾರಿಯ ಸಮಯವೂ ಸೇರಿದೆ. ವಾರಕ್ಕೆ 36 ಅವಧಿ, ಒಂದೊಂದು 40 ನಿಮಿಷ ಎಂದರೆ ಬೋಧನೆ 24 ಗಂಟೆ. ಉಳಿದ 21 ಗಂಟೆ ಎಲ್ಲಿ ಹೋಯಿತು ಎಂದು ಒಂದು ವಾರ ಬರೆದಿಟ್ಟು ನೋಡಿ. ಬಿಸಿಯೂಟದ ಮೇಲ್ವಿಚಾರಣೆ, ಆನ್‌ಲೈನ್ ನಮೂದು, ಗೈರಾದವರ ತರಗತಿ, ಸಭೆ. ತಯಾರಿಗೆ ಹೊತ್ತಿಲ್ಲದವರು ಪಠ್ಯಪುಸ್ತಕ ಹಿಡಿದು ಓದಿಸುತ್ತಾರೆ. ಯಾರೂ ತಡೆಯದಿದ್ದರೂ ಅವರಿಗೆ ಬೇರೆ ದಾರಿ ಇರುವುದಿಲ್ಲ. ವಾರಕ್ಕೆ ಎರಡು ಬಿಡುವಿನ ಅವಧಿ ನಿಜವಾಗಿ ಬಿಡುವಾಗಿ ಸಿಗುವ ಶಾಲೆಯಲ್ಲಿ ಹೊಸಬರು ಬೇಗ ಬೆಳೆಯುತ್ತಾರೆ.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಬಸ್ಸು. ನಾಲ್ಕೂವರೆಗೆ ಕೊನೆಯ ಬಸ್ಸಿರುವ ಊರಿನಲ್ಲಿ ಶಾಲೆ ಬಿಟ್ಟ ಮೇಲೆ ಸಹೋದ್ಯೋಗಿಗಳ ಜೊತೆ ಹತ್ತು ನಿಮಿಷ ಕೂತು ಮಾತಾಡುವುದೂ ಆಗುವುದಿಲ್ಲ.

ಏಕೋಪಾಧ್ಯಾಯ ಶಾಲೆಯಲ್ಲಿ ಕೇಳುವವರೇ ಇಲ್ಲ. ಅಲ್ಲಿ ಪೂರ್ತಿ ಸ್ವಾತಂತ್ರ್ಯ ಇದೆಯಲ್ಲವೇ?

ಕೇಳುವವರಿಲ್ಲ ಎಂದರೆ ಹೇಳುವವರೂ ಇಲ್ಲ. 1ರಿಂದ 5ರವರೆಗಿನ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವಾಗ ತೀರ್ಮಾನಗಳೆಲ್ಲ ನಿಮ್ಮವೇ, ಆದರೆ ಅದು ಸರಿಯಿತ್ತೋ ಇಲ್ಲವೋ ಎಂದು ಹೋಲಿಸಿ ನೋಡಲು ಇನ್ನೊಂದು ತರಗತಿ ಇರುವುದಿಲ್ಲ. ಒಂದೆರಡು ವರ್ಷದಲ್ಲಿ, ತಾವು ಚಿಕ್ಕವರಿದ್ದಾಗ ತಮ್ಮ ಮೇಷ್ಟ್ರು ಹೇಗೆ ಕಲಿಸಿದ್ದರೋ ಅದಕ್ಕೇ ಮರಳುವವರು ಹೆಚ್ಚು.

ಇದಕ್ಕೆ ಇರುವ ದಾರಿ ಶಾಲೆಯ ಹೊರಗಿನ ಜೊತೆಗಾರರು. ಕ್ಲಸ್ಟರಿನ ಸಮಾಲೋಚನಾ ಸಭೆ ಬರೀ ಮಾಹಿತಿ ಒಪ್ಪಿಸುವ ಜಾಗವಾಗಿದ್ದರೆ ಅದರಲ್ಲೇ ಅರ್ಧ ಗಂಟೆ ಒಂದು ಪಾಠದ ಚರ್ಚೆಗೆ ಕೊಡಿ ಎಂದು ಸಿಆರ್‌ಪಿಯವರನ್ನು ಕೇಳಬಹುದು. ಯಾದಗಿರಿ ಜಿಲ್ಲೆಯ ಸುರಪುರದಂಥ ಕಡೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಬೆಂಬಲದಿಂದ ಶಿಕ್ಷಕರು ಶಾಲಾ ಅವಧಿಯ ಆಚೆ ಸ್ವಯಂಪ್ರೇರಿತವಾಗಿ ಸೇರುವ ವೇದಿಕೆಗಳು ನಡೆದಿವೆ. ಹಾಜರಾತಿಯಿಲ್ಲ, ಒಒಡಿ (ಬೇರೆ ಕರ್ತವ್ಯದ ಮೇಲಿದ್ದಾರೆ ಎಂಬ ಪರಿಗಣನೆ) ಇಲ್ಲ, ಬಂದವರು ತಮ್ಮ ತರಗತಿಯ ತೊಡಕನ್ನೇ ತಂದಿರುತ್ತಾರೆ. ಪ್ರೌಢಶಾಲೆಯವರಿಗೆ ವಿಷಯ ಶಿಕ್ಷಕರ ವೇದಿಕೆ ಇದೆ. ಇಂಥದ್ದು ಯಾವುದೂ ಹತ್ತಿರ ಇಲ್ಲದಿದ್ದರೆ ಅಕ್ಕಪಕ್ಕದ ಮೂರು ಶಾಲೆಯ ನಾಲ್ಕು ಜನ ಸಾಕು.

ನಲಿ-ಕಲಿಯಲ್ಲಿ ಕಾರ್ಡು, ಏಣಿ, ತಟ್ಟೆ ಎಲ್ಲವೂ ನಿಗದಿ. ಶಿಕ್ಷಕರಿಗೆ ಉಳಿದದ್ದೇನು?

ನಲಿ-ಕಲಿ ಎಂದರೆ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ ಕಾರ್ಡುಗಳಿಂದ, ತಟ್ಟೆ ಎಂಬ ಗುಂಪುಗಳಲ್ಲಿ ತಮ್ಮ ವೇಗಕ್ಕೆ ಕಲಿಯುವ ಪದ್ಧತಿ. ಈ ಪ್ರಶ್ನೆ ಕೇಳುವವರು ಅದು ಹುಟ್ಟಿದ್ದು ಹೇಗೆ ಎಂಬುದನ್ನು ತಿಳಿದಿರಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಪದ್ಧತಿ ನೋಡಿದರು, ಯುನಿಸೆಫ್ ಬೆಂಬಲದೊಂದಿಗೆ ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡುಗಳನ್ನು ತಾವೇ ಬರೆದರು. ಅದು ಶಿಕ್ಷಕರ ತೀರ್ಮಾನಗಳಿಂದ ಕಟ್ಟಿದ ಪದ್ಧತಿ. 2009-10ರಿಂದ ರಾಜ್ಯದಾದ್ಯಂತ ಹರಡಿದಾಗ ಕಾರ್ಡುಗಳು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬಂದವು. ಬರೆದವರಿಗೆ ಯಾವ ಕಾರ್ಡು ಯಾಕೆ ಅಲ್ಲಿದೆ ಎಂಬುದು ಗೊತ್ತಿತ್ತು, ಪೆಟ್ಟಿಗೆ ತೆರೆದವರಿಗೆ ಕ್ರಮಸಂಖ್ಯೆ ಮಾತ್ರ ಗೊತ್ತಾಯಿತು. ಒಂದು ಕಡೆಯ ಸ್ವಾತಂತ್ರ್ಯ ಇನ್ನೊಂದು ಕಡೆ ಕಟ್ಟಳೆಯಾಗುವುದು ಹೀಗೆ.

ಆದರೂ ಉಳಿದದ್ದು ಕಡಿಮೆಯೇನಲ್ಲ. ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಿಂದ ಸ್ವಕಲಿಕೆಯ ತಟ್ಟೆಯವರೆಗೆ ಐದು ಗುಂಪು. ಯಾವ ಮಗುವನ್ನು ಯಾವಾಗ ಮುಂದಿನ ಮೆಟ್ಟಿಲಿಗೆ ಬಿಡಬೇಕು ಎಂಬ ತೀರ್ಮಾನ ನಿಮ್ಮದು. ಸಾಮಾನ್ಯವಾಗಿ ಎಡವುವುದು ಇಲ್ಲೇ: ಪ್ರಗತಿ ನೋಟದಲ್ಲಿ (ಮಕ್ಕಳ ಮುನ್ನಡೆ ಗುರುತಿಸುವ ಪಟ್ಟಿಯಲ್ಲಿ) ಗುರುತು ತುಂಬಬೇಕೆಂಬ ಆತುರಕ್ಕೆ ಮಗುವನ್ನು ಮುಂದೆ ತಳ್ಳುವುದು. ಗೆಳೆಯರ ಬೆಂಬಲದ ತಟ್ಟೆಯಲ್ಲಿ ಯಾರ ಪಕ್ಕ ಯಾರು ಎಂಬುದನ್ನು ವಾರಕ್ಕೊಮ್ಮೆ ಬದಲಿಸಿ. ಊರಿನ ಪದ, ಊರಿನ ಹಾಡು, ಅಲ್ಲೇ ಬೆಳೆಯುವ ಕಾಳು ಸೇರಿಸಿ ಹೆಚ್ಚುವರಿ ಕಾರ್ಡು ಬರೆಯಿರಿ. ಮೂಲ ಕಾರ್ಡನ್ನು ಬಿಡದೆ ಅದರ ಬೆನ್ನಿಗೆ ಸೇರಿಸಿದರೆ ಯಾವ ತಪಾಸಣೆಯಲ್ಲೂ ತಕರಾರು ಬರುವುದಿಲ್ಲ.

ಮಕ್ಕಳಿಗೆ ಅರ್ಥವಾಗಿಲ್ಲ, ಆದರೆ "ಪಾಠ ಎಲ್ಲಿಗೆ ಬಂತು" ಅಂತ ಕೇಳುತ್ತಾರೆ. ಏನು ಮಾಡಲಿ?

ಇದಕ್ಕೆ ಪರಿಹಾರ ನವೆಂಬರಿನಲ್ಲಿ ಸಿಗುವುದಿಲ್ಲ, ಜೂನಿನಲ್ಲಿ ವಾರ್ಷಿಕ ಪಾಠ ಹಂಚಿಕೆ ಬರೆಯುವಾಗ ಸಿಗುತ್ತದೆ. 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನ. ದಿನಕ್ಕೊಂದು ಗಣಿತ ಅವಧಿ ಎಂದು ಹೊಸಬರು 220 ಅವಧಿಗೂ ಪಾಠ ತುಂಬುತ್ತಾರೆ. ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ವರ್ಷಾರಂಭದ ಪಾಠ), ರೂಪಣಾತ್ಮಕ (ಕಲಿಕೆಯ ನಡುನಡುವೆ ನಡೆಯುವ) ಮತ್ತು ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ತರಬೇತಿ, ಚುನಾವಣೆ ಕೆಲಸ ಎಲ್ಲ ಕಳೆದರೆ 180 ಕೈಗೆ ಸಿಕ್ಕರೆ ಪುಣ್ಯ. ಪಾಠಗಳನ್ನು 160 ಅವಧಿಗೆ ಹಂಚಿ, 20ನ್ನು "ಪರಿಹಾರ ಬೋಧನೆ" ಎಂದು ಯೋಜನೆಯಲ್ಲೇ ಹೆಸರಿಟ್ಟು ಕಾದಿರಿಸಿ. ಮುಖ್ಯ ಶಿಕ್ಷಕರ ಸಹಿ ಆ ಹಾಳೆಯ ಮೇಲೆ ಬಿದ್ದರೆ ನವೆಂಬರಿನಲ್ಲಿ ನೀವು ನಿಲ್ಲುವುದು ವಿಳಂಬ ಅನ್ನಿಸಿಕೊಳ್ಳುವುದಿಲ್ಲ, ಅನುಮೋದನೆ ಪಡೆದ ಯೋಜನೆಯೇ ಆಗುತ್ತದೆ.

ಆ 20 ಅವಧಿಯನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದಕ್ಕೆ ಒಂದು ಉದಾಹರಣೆ. ಆರನೇ ತರಗತಿಯಲ್ಲಿ 1/2 + 1/3 ಕೊಟ್ಟರೆ 2/5 ಎಂದು ಬರೆಯುವವರು ತರಗತಿಗೆ ಹಲವರು ಸಿಗುತ್ತಾರೆ. ಮೇಲಿನದ್ದು ಮೇಲಿನದ್ದಕ್ಕೆ, ಕೆಳಗಿನದ್ದು ಕೆಳಗಿನದ್ದಕ್ಕೆ ಕೂಡಿದ್ದಾರೆ. ಲ.ಸಾ.ಅ. ವಿಧಾನವನ್ನು ಮತ್ತೆ ಬೋರ್ಡಿನ ಮೇಲೆ ಬರೆದರೆ ಅಂದಿಗೆ ಸರಿಹೋಗಿ ಮುಂದಿನ ವಾರ ಮತ್ತೆ 2/5 ಬರುತ್ತದೆ. ಹಳೆ ಕ್ಯಾಲೆಂಡರಿನಿಂದ 12 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ ಪ್ರತಿ ಜೋಡಿ ಮಕ್ಕಳಿಗೆ ಮೂರು ಮೂರು ಕೊಡಿ. ಒಂದನ್ನು ಎರಡಾಗಿ, ಇನ್ನೊಂದನ್ನು ಮೂರಾಗಿ ಮಡಿಸಿ ಕತ್ತರಿಸಲಿ: 6 ಸೆಂ.ಮೀ. ತುಂಡು, 4 ಸೆಂ.ಮೀ. ತುಂಡು. ಎರಡನ್ನೂ ಮೂರನೇ ಪಟ್ಟಿಯ ಮೇಲೆ ಒತ್ತಿಗೆ ಇಟ್ಟರೆ 10 ಸೆಂ.ಮೀ., ಅಂದರೆ 12ರಲ್ಲಿ 10, ಅಂದರೆ 5/6. ಈಗ 2/5 ಎಂದರೆ ಎಷ್ಟು ಉದ್ದ ಎಂದು ಕೇಳಿ. 4.8 ಸೆಂ.ಮೀ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಬಂತೇ ಎಂದು ಮಕ್ಕಳೇ ಬೆರಗಾಗುತ್ತಾರೆ. ಇದಕ್ಕೆ ಎರಡರಿಂದ ಮೂರು ಅವಧಿ ಬೇಕು. ಅವಸರದಲ್ಲಿ ಪಟ್ಟಿಯನ್ನು ಶಿಕ್ಷಕರೇ ಕತ್ತರಿಸಿ ತೋರಿಸಿದರೆ ಅರ್ಧ ಲಾಭ ಹೋಯಿತು.

ಮೊದಲ ವರ್ಷದಲ್ಲೇ ಹೊಸದೇನಾದರೂ ಶುರು ಮಾಡಬಹುದೇ?

ಮಾಡಬಹುದು, ಒಂದೇ ಒಂದು, ಚಿಕ್ಕದು. ಐದನೇ ತರಗತಿಯ ಓದಿನಿಂದ ಶುರು ಮಾಡುವುದು ಸುಲಭ, ಫಲವೂ ಕಣ್ಣಿಗೆ ಕಾಣುತ್ತದೆ.

ಮೂರನೇ ತರಗತಿಯ ಮಟ್ಟದ ಒಂದು ಪುಟ್ಟ ಗದ್ಯಭಾಗ ಆರಿಸಿ. ಪ್ರತಿ ಮಗುವನ್ನೂ ಪಕ್ಕಕ್ಕೆ ಕರೆದು ಎರಡು ನಿಮಿಷ ಓದಿಸಿ. 30 ಮಕ್ಕಳಿಗೆ ಒಂದು ಗಂಟೆ, ಎರಡು ದಿನಕ್ಕೆ ಹಂಚಿಕೊಳ್ಳಿ. ಹೆಸರಿನ ಮುಂದೆ ಬರೆಯಬೇಕಾದದ್ದು ಇಷ್ಟೇ: ಅಕ್ಷರ ಗುರುತಿಸುತ್ತಾರೆ, ಪದ ಓದುತ್ತಾರೆ, ವಾಕ್ಯ ಓದುತ್ತಾರೆ, ಓದಿದ್ದನ್ನು ಹೇಳುತ್ತಾರೆ. ಆಮೇಲೆ ಮೂರು ವಾರ, ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ ಈ ಗುಂಪುಗಳ ಪ್ರಕಾರ ಓದಿಸಿ. ಒತ್ತಕ್ಷರದಲ್ಲಿ ಸಿಕ್ಕಿಹಾಕಿಕೊಳ್ಳುವ ಗುಂಪಿನ ಜೊತೆ ನೀವು ಕೂತುಕೊಳ್ಳಿ, ಚೆನ್ನಾಗಿ ಓದುವವರಿಗೆ ಗ್ರಂಥಾಲಯದ ಪುಸ್ತಕ ಕೊಟ್ಟುಬಿಡಿ. ಕೊನೆಗೆ ಅಷ್ಟೇ ಕಷ್ಟದ ಬೇರೆ ಗದ್ಯಭಾಗದಲ್ಲಿ ಮತ್ತೆ ಓದಿಸಿ. ಅದೇ ಭಾಗ ಕೊಟ್ಟರೆ ಬಾಯಿಪಾಠದಿಂದ ಓದುತ್ತಾರೆ, ನಿಮಗೇ ಮೋಸವಾಗುತ್ತದೆ. ಮೊದಲು ಎಷ್ಟು ಮಂದಿ ಎಲ್ಲಿದ್ದರು, ಈಗ ಎಲ್ಲಿದ್ದಾರೆ ಎಂದು ಒಂದೇ ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರಿಗೆ ತೋರಿಸಿ.

ಶುರು ಮಾಡುವ ಮುನ್ನ ಅವರಿಗೆ ಒಂದು ಮಾತು ಹೇಳಿರಬೇಕು. "ಅನುಮತಿ ಕೊಡಿ" ಎಂದರೆ ಅವರು ಮೇಲಿನವರನ್ನು ಕೇಳಬೇಕಾಗುತ್ತದೆ. "ಮೂರು ವಾರ ನೋಡ್ತೀನಿ ಮೇಡಂ, ಫಲ ತೋರಿಸ್ತೀನಿ" ಎಂದರೆ ಆ ತೊಡಕಿಲ್ಲ. ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಐದಾರು ಪ್ರಯೋಗ ಒಟ್ಟಿಗೆ ಹಿಡಿಯುವುದು, ಅಥವಾ ಫಲ ಬರುವ ಮುಂಚೆಯೇ ಫೋಟೊ ಹಾಕಿ ಗ್ರೂಪಿನಲ್ಲಿ ಸುದ್ದಿ ಮಾಡುವುದು.

ನನಗೆ ಕಂಪ್ಯೂಟರ್ ಬರುತ್ತದೆ ಎಂದು ಶಾಲೆಯ ಆನ್‌ಲೈನ್ ಕೆಲಸವೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ.

ಹೊಸಬರಿಗೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಎಲ್ಲ ಕಡೆ ಆಗುವುದೇ ಇದು. ಎಸ್‌ಎಟಿಎಸ್ (ವಿದ್ಯಾರ್ಥಿಗಳ ದಾಖಲೆಯ ರಾಜ್ಯದ ಜಾಲತಾಣ), ಯು-ಡೈಸ್ (ಶಾಲೆಗಳ ಮಾಹಿತಿಯ ರಾಷ್ಟ್ರೀಯ ಜಾಲತಾಣ), ವಿದ್ಯಾರ್ಥಿವೇತನ, ಫೋಟೊ ಅಪ್‌ಲೋಡು. ಮೊದಲು ಹೆಮ್ಮೆ ಅನ್ನಿಸುತ್ತದೆ, ದಸರಾ ರಜೆಯ ಹೊತ್ತಿಗೆ ಪಾಠ ಮಾಡಲು ಪುರುಸೊತ್ತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸಬಾರದು ಎನ್ನುತ್ತದೆ ನಿಜ, ಆದರೆ ಶಾಲೆಯ ದತ್ತಾಂಶ ನಮೂದನ್ನು ಯಾರೂ ಶಿಕ್ಷಣೇತರ ಎಂದು ಒಪ್ಪುವುದಿಲ್ಲ. ಆ ವಾದ ಹೂಡಿ ಪ್ರಯೋಜನವಿಲ್ಲ.

ಕೆಲಸ ಮಾಡುವುದು ಸಿಬ್ಬಂದಿ ಸಭೆಯ ನಡಾವಳಿ. ಜೂನಿನ ಮೊದಲ ಸಭೆಯಲ್ಲಿ ಯಾರಿಗೆ ಯಾವ ಕೆಲಸ ಎಂದು ಹಂಚಿ ಬರೆಸಿ. ನೀವು ಎಸ್‌ಎಟಿಎಸ್ ತೆಗೆದುಕೊಂಡರೆ ಬಿಸಿಯೂಟದ ವಹಿ ಬೇರೆಯವರದ್ದು, ಜೊತೆಗೆ ವಾರಕ್ಕೆ ನಿಮ್ಮ ಎರಡು ಅವಧಿ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಇನ್ನೊಬ್ಬರಿಗೆ ಕಲಿಸಲು ಒಂದು ಶನಿವಾರ ಕೊಟ್ಟರೆ ವರ್ಷವೆಲ್ಲ ಉಳಿಯುತ್ತದೆ.

ಪ್ರೊಬೇಷನ್ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯದಲ್ಲವೇ?

ಪ್ರೊಬೇಷನ್ ಅವಧಿ ಎರಡು ವರ್ಷ, ಸೇವಾ ಪುಸ್ತಕದಲ್ಲಿ ಘೋಷಣೆ ಆಗುವವರೆಗೆ ಎಲ್ಲರಿಗೂ ಅಳುಕು ಇದ್ದೇ ಇರುತ್ತದೆ. ಅಲ್ಲಿ ತೂಗುವುದು ಹಾಜರಾತಿ, ನಡತೆ, ಕೆಲಸ. ಗುಂಪಿನಲ್ಲಿ ಕೂರಿಸಿ ಪಾಠ ಮಾಡಿದ್ದಕ್ಕೆ ಯಾರ ಪ್ರೊಬೇಷನ್ನೂ ನಿಲ್ಲುವುದಿಲ್ಲ. ಹೇಳದೆ ಕೇಳದೆ ರಜೆ ಹಾಕಿದ್ದು, ದಾಖಲೆ ಬರೆಯದೆ ಬಿಟ್ಟಿದ್ದು, ಮಗುವಿಗೆ ಹೊಡೆದದ್ದು ತೊಂದರೆಗೆ ಸಿಕ್ಕಿಸುತ್ತದೆ. ಸಾಮಾಜಿಕ ಜಾಲತಾಣದಲ್ಲಿ ಇಲಾಖೆಯ ನೀತಿಯನ್ನು ಟೀಕಿಸುವುದೂ ಅಷ್ಟೇ. 2021ರ ನಾಗರಿಕ ಸೇವಾ ನಡತೆ ನಿಯಮಗಳು ಸರ್ಕಾರಿ ನೌಕರರೆಲ್ಲರಿಗೂ ಅನ್ವಯಿಸುತ್ತವೆ. ದಾಖಲೆ ಅಚ್ಚುಕಟ್ಟಾಗಿ ಇಟ್ಟವರಿಗೆ ತರಗತಿಯೊಳಗೆ ಹೆಚ್ಚು ಸಲುಗೆ ಸಿಗುತ್ತದೆ. ಇದು ನ್ಯಾಯವೋ ಅಲ್ಲವೋ, ನಡೆದುಬಂದಿರುವುದು ಹೀಗೆ.

ಎರಡು ವರ್ಷ ಸುಮ್ಮನಿದ್ದು ಆಮೇಲೆ ನೋಡೋಣ ಎಂದುಕೊಂಡವರು ಆಮೇಲೂ ಸುಮ್ಮನಿರುತ್ತಾರೆ ಎಂಬುದು ನಮ್ಮ ಅನಿಸಿಕೆ.

ಸಿಆರ್‌ಪಿ ಭೇಟಿಗೆ ಬಂದಾಗ ಎದೆ ಢವಗುಟ್ಟುತ್ತದೆ.

ಅವರು ಬಂದ ಕೂಡಲೇ ದಾಖಲೆಗಳನ್ನು ಮೇಜಿನ ಮೇಲೆ ಇಟ್ಟುಬಿಡಿ. ಆಮೇಲೆ ಒಂದು ಕೆಲಸ ನೀವೇ ಕೊಡಿ: "ಸರ್, ಆ ಹಿಂದಿನ ಸಾಲಿನ ನಾಲ್ಕು ಮಕ್ಕಳು ಗುಂಪು ಕೆಲಸದಲ್ಲಿ ಮಾತಾಡ್ತಾರಾ ಅಂತ ನೋಡಿ ಹೇಳಿ." ಏನು ನೋಡಬೇಕು ಎಂದು ಗೊತ್ತಾದರೆ ತಪಾಸಣೆ ಮಾತುಕತೆಯಾಗುತ್ತದೆ. ಭೇಟಿ ಪುಸ್ತಕದಲ್ಲಿ ಒಪ್ಪಲಾಗದ ಷರಾ ಬರೆದರೆ ಅಲ್ಲೇ ವಾದಕ್ಕಿಳಿಯಬೇಡಿ. ಮುಂದಿನ ಭೇಟಿಯೊಳಗೆ ಏನು ಮಾಡಿದಿರಿ, ಏನು ಮಾಡಲಿಲ್ಲ, ಯಾಕೆ ಎಂದು ನಾಲ್ಕು ಸಾಲು ಬರೆದು ಮುಖ್ಯ ಶಿಕ್ಷಕರ ಮೂಲಕ ಕೊಡಿ.

"ನಿನ್ನ ಕ್ಲಾಸು ಬರೀ ಗಲಾಟೆ" ಅಂತ ಪಕ್ಕದ ತರಗತಿಯ ಹಿರಿಯರು ಅಂತಾರೆ.

ತಟ್ಟಿ ಗೋಡೆಯ, ಇಲ್ಲವೇ ಅರ್ಧ ಗೋಡೆಯ ಶಾಲೆಗಳಲ್ಲಿ ಅವರ ದೂರು ಸುಳ್ಳಲ್ಲ. ಗುಂಪು ಚಟುವಟಿಕೆಯನ್ನು ಅವರ ತರಗತಿ ಆಟದ ಅವಧಿಗೆ ಹೋಗುವ ಹೊತ್ತಿಗೆ ಹೊಂದಿಸಿ, ಇಲ್ಲವೇ ಮಕ್ಕಳನ್ನು ಹೊಂಗೆ ಮರದ ನೆರಳಿಗೆ ಕರೆದೊಯ್ಯಿರಿ. ಜೊತೆಗೆ ಅವರಿಗೆ ಚೆನ್ನಾಗಿ ಬರುವುದೇನಾದರೂ ಕೇಳಿ ಕಲಿಯಿರಿ. ಮಗ್ಗಿ ಕಲಿಸುವುದರಲ್ಲಿ, ಅಕ್ಷರ ದುಂಡಗೆ ಬರೆಸುವುದರಲ್ಲಿ ಹಳಬರ ಕೈ ದೊಡ್ಡದು. ಉತ್ತರ ಕರ್ನಾಟಕದ ಊರುಗಳಲ್ಲಿ ಹಿರಿಯ ಅಕ್ಕೋರು (ಶಿಕ್ಷಕಿ) ಒಮ್ಮೆ "ಅಕಿ ಚಲೋ ಕಲಸ್ತಾಳ" ಎಂದರೆ ಸಾಕು, ಪೋಷಕರ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಮನೆಯಲ್ಲಿ ಲಂಬಾಣಿ, ತೆಲುಗು ಮಾತಾಡುವ ಮಕ್ಕಳಿದ್ದಾರೆ. ತರಗತಿಯಲ್ಲಿ ಆ ಮಾತು ಬಳಸಬಹುದೇ?

ಧಾರಾಳವಾಗಿ. ಬೋಧನಾ ಮಾಧ್ಯಮ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಾಗಿರಬೇಕು ಎಂದು ಕಾಯ್ದೆಯ 29ನೇ ಸೆಕ್ಷನ್ನೇ ಹೇಳುತ್ತದೆ. ಒಂದನೇ ತರಗತಿಯಲ್ಲಿ ಐವತ್ತು ಮಾತುಗಳ ಪಟ್ಟಿ ತಾಂಡಾದ ಪೋಷಕರಿಂದ ಬರೆಸಿಕೊಂಡರೆ ಮೊದಲ ಎರಡು ತಿಂಗಳು ಸುಲಭವಾಗುತ್ತದೆ.

ಪರೀಕ್ಷೆಯ ಒತ್ತಡ ಸ್ವಾತಂತ್ರ್ಯವನ್ನು ಎಷ್ಟು ಕಿತ್ತುಕೊಳ್ಳುತ್ತದೆ?

ಬಹಳ. 5 ಮತ್ತು 8ನೇ ತರಗತಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ತಂದು ಅದು ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋದ ವರ್ಷಗಳಲ್ಲಿ ಜನವರಿಯಿಂದಲೇ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವ ಶಾಲೆಗಳು ಹೆಚ್ಚಾದವು. ಪ್ರೌಢಶಾಲೆಯಲ್ಲಂತೂ ಎಸ್‌ಎಸ್‌ಎಲ್‌ಸಿ ಫಲಿತಾಂಶ ಕಡಿಮೆಯಾದರೆ ಕಾರಣ ಕೇಳಿ ನೋಟಿಸ್ ಬರುತ್ತದೆ. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂದು ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿದಾಗ ಆ ಬಿಸಿ ಎಲ್ಲರಿಗೂ ತಟ್ಟಿತು. ಹತ್ತನೇ ತರಗತಿಯಲ್ಲಿ ಪ್ರಯೋಗಕ್ಕೆ ಇಳಿಯುವ ಬದಲು 8 ಮತ್ತು 9ರಲ್ಲಿ ಶುರು ಮಾಡಿ. ಪ್ರಾಥಮಿಕದಲ್ಲಿ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಆರಿಸುವುದು ಇನ್ನೂ ಶಿಕ್ಷಕರ ಕೈಯಲ್ಲೇ ಇದೆ. ಅದನ್ನೂ ಗೈಡಿನಿಂದ ಇಳಿಸಿಕೊಂಡರೆ ಇದ್ದ ಜಾಗವನ್ನು ನಾವೇ ಬಿಟ್ಟುಕೊಟ್ಟಂತೆ.

ಖಾಸಗಿ ಶಾಲೆಯಲ್ಲಿ ಇದಾವುದೂ ನಡೆಯುತ್ತದೆಯೇ?

ಆಡಳಿತ ಮಂಡಳಿ ಮತ್ತು ಕೋಆರ್ಡಿನೇಟರ್ ಕೈಯಲ್ಲಿ ಹೆಚ್ಚಿನದು ಇರುತ್ತದೆ. ಕಂಪನಿಯಿಂದ ಬರುವ ವರ್ಕ್‌ಬುಕ್ಕು, ವಾರದ "ಪೋರ್ಷನ್", ಪೋಷಕರ ಗ್ರೂಪು ಮೂರೂ ಸೇರಿ ಶಿಕ್ಷಕರನ್ನು ಬಿಗಿಯುತ್ತವೆ. ಅಲ್ಲಿ ಸಿಗುವ ಜಾಗ ಅವಧಿಯ ಒಳಗೆ: ಮೊದಲ ಹತ್ತು ನಿಮಿಷದ ಮಾತುಕತೆ, ವರ್ಕ್‌ಬುಕ್ಕಿನ ಯಾವ ಪ್ರಶ್ನೆ ತರಗತಿಯಲ್ಲಿ, ಯಾವುದು ಮನೆಗೆ. ನೇಮಕಾತಿ ಪತ್ರವನ್ನು ಬರಹದಲ್ಲಿ ಪಡೆಯಿರಿ, ಅಸಲು ಅಂಕಪಟ್ಟಿ ಯಾರ ಕೈಗೂ ಒಪ್ಪಿಸಬೇಡಿ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ವ್ಯಾಪ್ತಿಗೆ ಬರುವ ಶಾಲೆಯಲ್ಲಿ ವಿಚಾರಣೆ ಇಲ್ಲದೆ ವಜಾ ಮಾಡುವಂತಿಲ್ಲ. ಮಾಡಿದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು) ಪಾಠದಲ್ಲಿ ತಲೆಹಾಕಬಹುದೇ?

ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು ಅವರ ಕೆಲಸ, ಬೋಧನಾ ವಿಧಾನ ಅವರದಲ್ಲ. ಆದರೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರುತ್ತಾರೆ. "ನೋಟ್ಸ್ ಬರೆಸಲ್ಲ, ಬರೀ ಆಟ ಆಡಿಸ್ತಾರೆ" ಎಂಬ ಮಾತು ಅಲ್ಲಿಂದಲೇ ಹುಟ್ಟುವುದು. ತಿಂಗಳಿಗೊಮ್ಮೆ ಮಕ್ಕಳ ಕೃತಿಸಂಪುಟ (ಅವರೇ ಬರೆದ, ಮಾಡಿದ ಕೆಲಸಗಳ ಕಡತ) ತೆರೆದಿಟ್ಟು ಆಯಾ ಮಗುವಿನ ಕೈಯಲ್ಲೇ ಅಮ್ಮನಿಗೆ ಓದಿ ಹೇಳಿಸಿ.

ವರ್ಗಾವಣೆಯಾದರೆ ಎಲ್ಲ ಮೊದಲಿನಿಂದ ಶುರುವೇ?

ಹೆಸರು, ನಂಬಿಕೆ ಮೊದಲಿನಿಂದ, ಉಳಿದದ್ದಲ್ಲ. ಆ ಒಂದೊಂದು ಹಾಳೆಯ ವರದಿಗಳು, ನೀವೇ ಬರೆದ ಕಾರ್ಡುಗಳು, ಕಾದಿರಿಸಿದ ಅವಧಿಗಳಿದ್ದ ಪಾಠ ಹಂಚಿಕೆ: ಇವುಗಳ ನಕಲು ತೆಗೆದುಕೊಂಡು ಹೋಗಿ, ಒಂದು ಪ್ರತಿಯನ್ನು ನಿಮ್ಮ ಜಾಗಕ್ಕೆ ಬರುವವರಿಗೆ ಬಿಡಿ. ಮಕ್ಕಳ ಹೆಸರಿರುವ ಮೂಲ ದಾಖಲೆ ಶಾಲೆಯಲ್ಲೇ ಇರಬೇಕು. ಹೊಸ ಶಾಲೆಯಲ್ಲಿ ಮೊದಲ ರೂಪಣಾತ್ಮಕ ಮೌಲ್ಯಮಾಪನ ಮುಗಿಯುವವರೆಗೆ ಅಲ್ಲಿನ ರೀತಿ ನೋಡಿ, ಸುತ್ತೋಲೆ ಕಡತ ಓದಿ, ಆಮೇಲೆ ಓದಿನ ಪರೀಕ್ಷೆಯಿಂದ ಶುರು ಮಾಡಿ.